ಗಾಯಪಟ್ಟವರ ಸ್ನೇಹಿತರಾದ ಹೆನ್ರಿ ಡ್ಯೂನಾಂಟರ ಚರಿತ್ರೆ

ಸ್ವಿಟ್ಜರ್ಲೆಂಡ್ ದೇಶದ ಹೆಸರು ನಮ್ಮ ಕರಾವಳಿಯ ಸಭೆಗಳವರಿಗೆ ಹೊಸದಲ್ಲ. ಆ ದೇಶದ ಬಾಸೆಲ್ ಪಟ್ಟಣದ ಮಿಶನಿನವರು 1834ನೆಯ ಇಸವಿಯಲ್ಲಿ ಮಂಗಳೂರಿಗೆ ಬಂದದ್ದನ್ನೂ, ಡಾಕ್ಟರ್ ಈವಾ ಲೊಂಬಾರ್ಡ್ ಅಮ್ಮನವರು 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆಯನ್ನು ತೆರೆದದ್ದನ್ನೂ ಹಿರಿಯರ ಬಾಯಿಂದ ಕೇಳದವರು ಕಡಿಮೆ. ಈ ಸಾರಿ ನಾವು ಬರೆಯುವದು ಅದೇ ದೇಶದ ಮತ್ತೊಬ್ಬರ ವಿಷಯ. ಇವರು ನಮ್ಮ ಸೀಮೆಗೆ ಕಾಲಿಟ್ಟವರಲ್ಲ. ವೈದ್ಯರೂ ಅಲ್ಲ, ಪಾದ್ರಿಯೂ ಅಲ್ಲ, ಸಿಪಾಯಿಯೂ ಅಲ್ಲ. ಆದರೂ ಕುಂದಾಪುರದ ರೆಡ್ ಕ್ರಾಸ್ ಶಾಖೆಯ ರಕ್ತನಿಧಿಗೆ ಹೋಗಿ ಒಂದು ಬಾಟ್ಲಿ ರಕ್ತವನ್ನು ಕೊಟ್ಟು ಬಂದ ನಮ್ಮ ಯೌವನಸ್ಥರು ಇವರ ಹೊಲದಲ್ಲಿಯೇ ಕೆಲಸ ಮಾಡಿದವರಾಗಿದ್ದಾರೆ. ಹೆದ್ದಾರಿಯಲ್ಲಿ ಯಾರಾದರೂ ಬಿದ್ದಾಗ ಮೊದಲು ಓಡಿಹೋಗುವವನು ಏನು ಕಲಿತಿರಬೇಕು, ಬಿದ್ದವನು ಯಾವ ಜಾತಿಯವನು, ಯಾವ ಭಾಷೆಯವನು ಎಂಬದನ್ನು ಅವನು ಹೇಗೆ ಎಣಿಸಬೇಕು ಎಂಬ ಪ್ರಶ್ನೆಯನ್ನು ಲೋಕದ ಮುಂದೆ ಇಟ್ಟವರಲ್ಲಿ ಇವರು ಮುಖ್ಯರು.

ಹೆನ್ರಿ ಡ್ಯೂನಾಂಟರು 1828ನೆಯ ಮೇ 8ನೇ ತಾರೀಖು ಜಿನೀವಾ ಪಟ್ಟಣದಲ್ಲಿ ಹುಟ್ಟಿದರು. ತಂದೆ ವ್ಯಾಪಾರಸ್ಥರು, ದಿಕ್ಕಿಲ್ಲದ ಮಕ್ಕಳ ಮತ್ತು ಸೆರೆಯಿಂದ ಬಿಡುಗಡೆಯಾದವರ ಯೋಗಕ್ಷೇಮವನ್ನು ನೋಡುತ್ತಿದ್ದರು. ತಾಯಿ ಬಡವರ, ರೋಗಿಗಳ ಮನೆಗಳಿಗೆ ಹೋಗಿಬರುತ್ತಿದ್ದರು. ಮನೆಯವರೆಲ್ಲರೂ ಕಾಲ್ವಿನರ ಮತಕ್ಕೆ ಸೇರಿದ ಭಕ್ತಿವಂತರು. ಆ ಕಾಲದಲ್ಲಿ ಜಿನೀವಾದಲ್ಲಿ ಉಂಟಾಗಿದ್ದ ಆತ್ಮಿಕ ಉಜ್ಜೀವನವು ಹುಡುಗನ ಮನಸ್ಸನ್ನು ಬಲವಾಗಿ ಹಿಡಿಯಿತು. ಶಾಲೆಯಲ್ಲಿ ಮಾತ್ರ ಅವರು ಮುಂದಾಗಲಿಲ್ಲ. ಅಂಕಗಳು ಸಾಲದೆ ಹೋದದ್ದರಿಂದ 21ನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟು ಒಂದು ಲೇವಾದೇವಿಯ ಮನೆಯಲ್ಲಿ ಕೆಲಸ ಕಲಿಯಲಿಕ್ಕೆ ಸೇರಿದರು. (ಪರೀಕ್ಷೆಯಲ್ಲಿ ತಪ್ಪಿದ ಮಗನ ಮೇಲೆ ಮುನಿದಿರುವ ತಾಯಿತಂದೆಗಳು ಈ ವಾಕ್ಯವನ್ನು ಎರಡು ಸಾರಿ ಓದಬಹುದು.) ಗುರುವಾರದ ಸಾಯಂಕಾಲಗಳಲ್ಲಿ ಸ್ನೇಹಿತರನ್ನು ಕೂಡಿಸಿ ವೇದಪಾಠ ಮಾಡುವದೂ ಬಡವರನ್ನು ಸಂಧಿಸುವದೂ ಅವರ ರೂಢಿಯಾಗಿತ್ತು. ಈ ಕೂಟದ ಮುಂದಿನ ಬೆಳೆಯಾಗಿ 1852ರಲ್ಲಿ ಜಿನೀವಾದ ಕ್ರೈಸ್ತ ಯೌವನಸ್ಥರ ಸಂಘವು ಹುಟ್ಟಿತು. 1855ರಲ್ಲಿ ಪಾರಿಸಿನಲ್ಲಿ ಬೇರೆ ಬೇರೆ ದೇಶಗಳ ಸಂಘಗಳು ಒಂದಾಗಿ ಲೋಕದ ಒಕ್ಕೂಟವನ್ನು ಕಟ್ಟಿದಾಗಲೂ ಡ್ಯೂನಾಂಟರ ಕೈ ಅದರಲ್ಲಿತ್ತು.

1853ರಲ್ಲಿ ಅವರ ಯಜಮಾನರು ಅವರನ್ನು ವ್ಯಾಪಾರಕ್ಕಾಗಿ ಉತ್ತರ ಆಫ್ರಿಕದ ಅಲ್ಜೀರಿಯಕ್ಕೆ ಕಳುಹಿಸಿದರು. ಅಲ್ಲಿ ಅವರು ಮುಸಲ್ಮಾನರ ನಡೆನುಡಿಗಳನ್ನು ಹತ್ತಿರದಿಂದ ನೋಡಿ, 1858ರಲ್ಲಿ ಟ್ಯೂನಿಸ್ ಸೀಮೆಯ ವಿಷಯವಾಗಿ ಒಂದು ಗ್ರಂಥವನ್ನು ಬರೆದರು. ಅದರಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ, ಅಮೇರಿಕದ ಕ್ರೈಸ್ತರನ್ನೂ ಬಿಡದೆ ಆ ಪಾಪವನ್ನು ಎತ್ತಿ ತೋರಿಸಿದರು. ಅಷ್ಟರಲ್ಲಿ ತಮ್ಮದೇ ಒಂದು ಕಂಪೆನಿಯನ್ನು ಸ್ಥಾಪಿಸಿ ಗೋಧಿಯ ಗಿರಣಿಗಳನ್ನು ನಡಿಸುವ ಯೋಚನೆಯಲ್ಲಿದ್ದರು. ಭೂಮಿ ಸಿಕ್ಕಿತು, ನೀರಿನ ಹಕ್ಕು ಸಿಕ್ಕಲಿಲ್ಲ. ಫ್ರೆಂಚ್ ಅಧಿಕಾರಿಗಳ ಕಚೇರಿಗಳಿಗೆ ಅಲೆದು ಅಲೆದು ಬೇಸತ್ತು, ಕಡೆಗೆ ಮೂರನೆಯ ನೆಪೋಲಿಯನ್ ಚಕ್ರವರ್ತಿಗೇ ಅರಿಕೆ ಮಾಡುವೆನೆಂದು ಹೊರಟರು. ಚಕ್ರವರ್ತಿಯು ಆಗ ಇಟಲಿಯಲ್ಲಿ ಆಸ್ಟ್ರಿಯದವರ ಮೇಲೆ ಯುದ್ಧ ನಡಿಸುತ್ತಿದ್ದನು. ನೀರಿನ ಹಕ್ಕನ್ನು ಬೇಡಲಿಕ್ಕೆ ಹೋದ ವ್ಯಾಪಾರಿಯು ದಾರಿಯಲ್ಲಿ ಏನನ್ನು ಕಂಡನೆಂಬದೇ ಈ ಚರಿತ್ರೆಯ ಜೀವಾಳವು.

1859ನೆಯ ಇಸವಿ ಜೂನ್ ತಿಂಗಳ 24ನೇ ತಾರೀಖು ಸೊಲ್ಫೆರಿನೋ ಎಂಬ ಊರಿನ ಬಳಿ ಸುಮಾರು ಮೂರು ಲಕ್ಷ ಜನರ ದಂಡುಗಳು ಬೆಳಗಿನಿಂದ ಸಾಯಂಕಾಲದ ವರೆಗೆ ಕಾದಾಡಿದವು. ಸತ್ತವರೂ ಗಾಯಪಟ್ಟವರೂ ಕೂಡಿ 40,000ದಷ್ಟು ಮಂದಿ. ಆ ಸಾಯಂಕಾಲ ಬಿಳೀ ಉಡುಪನ್ನು ಧರಿಸಿದ ಡ್ಯೂನಾಂಟರು ಹತ್ತಿರದ ಕಾಸ್ತಿಲಿಯೋನೆ ಎಂಬ ಸಣ್ಣ ಪಟ್ಟಣಕ್ಕೆ ಬಂದು ಮುಟ್ಟಿದರು. ಮೂರು ದಿನಗಳೊಳಗೆ ಅಲ್ಲಿಗೆ 9,000 ಗಾಯಾಳುಗಳನ್ನು ಗಾಡಿಗಳಲ್ಲಿಯೂ ಹೇಸರಗತ್ತೆಗಳ ಮೇಲೆಯೂ ತಂದು ಸುರಿದರು. ಮನೆಗಳು, ಶಾಲೆಗಳು, ಮಠಗಳು, ದೇವಾಲಯಗಳು ತುಂಬಿದವು. ಬೀದಿಯಲ್ಲಿ ಹುಲ್ಲು ಹಾಸಿ ಮಲಗಿಸಿದರು. ದೊಡ್ಡ ದೇವಾಲಯವೊಂದರ ಒಳಗೇ 500 ಮಂದಿ ಬಿದ್ದಿದ್ದರು.

ಡ್ಯೂನಾಂಟರು ಅಲ್ಲಿ ಕಂಡ ಒಂದು ಸಂಗತಿಯನ್ನು ನಮ್ಮ ಓದುಗರು ಚೆನ್ನಾಗಿ ಗಮನಿಸಬೇಕು. ಪಟ್ಟಣದಲ್ಲಿ ನೀರಿತ್ತು, ರೊಟ್ಟಿಯಿತ್ತು, ಗಾಯಕ್ಕೆ ಕಟ್ಟುವ ಬಟ್ಟೆಯೂ ಇತ್ತು. ಹಾಗಿದ್ದರೂ ಜನರು ದಾಹದಿಂದ ಸಾಯುತ್ತಿದ್ದರು, ಗಾಯಗಳು ಕಟ್ಟದೆ ಕೊಳೆಯುತ್ತಿದ್ದವು. ಯಾಕಂದರೆ ನೀರನ್ನು ತುಟಿಗೆ ಹಿಡಿಯುವ ಕೈಗಳು, ಬಟ್ಟೆಯನ್ನು ಸುತ್ತಲು ತಿಳಿದ ಕೈಗಳು ಇರಲಿಲ್ಲ. ಸಾಮಾನು ಸಾಲದೆ ಸತ್ತವರಿಗಿಂತ ಕಲಿತ ಕೈ ಸಾಲದೆ ಸತ್ತವರು ಹೆಚ್ಚೆಂದು ನಮಗೆ ತೋರುತ್ತದೆ. ಹೀಗಿರುವಲ್ಲಿ ಅವರು ಊರಿನ ಹೆಂಗಸರನ್ನೂ ಹುಡುಗಿಯರನ್ನೂ ಕೂಡಿಸಿದರು. ಚಿಕ್ಕ ಹುಡುಗರನ್ನು ಬಾವಿಗೂ ದೇವಾಲಯಕ್ಕೂ ನಡುವೆ ಕೊಡ, ಸೀಸೆಗಳೊಂದಿಗೆ ಓಡಾಡಿಸಿದರು. ತಮ್ಮ ಸಾರಥಿಯನ್ನು ಬ್ರೆಶಿಯಾ ಪಟ್ಟಣಕ್ಕೆ ಅಟ್ಟಿ ಲಿಂಬೆಹಣ್ಣು, ಸಕ್ಕರೆ, ಅಂಗಿ, ಸ್ಪಂಜು, ಗುಂಡುಸೂಜಿ, ಹೊಗೆಸೊಪ್ಪು ಮೊದಲಾದವುಗಳನ್ನು ತರಿಸಿದರು. ಸಂಚಾರಕ್ಕೆ ಬಂದಿದ್ದ ಪರದೇಶಿಗಳನ್ನೂ ಬಿಡದೆ ಕೆಲಸಕ್ಕೆ ಹಚ್ಚಿದರು. ಊರಿನ ರೋಮನ್ ಕಥೋಲಿಕ ಪಾದ್ರಿಯಾದ ಲೊರೆಂಜೊ ಬಾರ್ಜಿಜಾ ಎಂಬವರು ಈ ಪ್ರೊಟೆಸ್ಟಂಟ್ ವ್ಯಾಪಾರಿಯ ಬಲಗೈಯಾದರು.

ಮಲಗಿದ್ದವರಾದರೋ ಒಂದೇ ಜನಾಂಗದವರಲ್ಲ. ಫ್ರೆಂಚರು, ಇಟಲಿಯವರು, ಅಲ್ಜೀರಿಯದಿಂದ ಬಂದ ಮುಸಲ್ಮಾನ ಸಿಪಾಯಿಗಳು ಒಂದು ಪಕ್ಷ. ಜರ್ಮನ್, ಹಂಗೇರಿ, ಕ್ರೊವೇಷಿಯ, ಬೊಹೇಮಿಯ, ರುಮಾನಿಯ ಭಾಷೆಗಳನ್ನಾಡುವ ಆಸ್ಟ್ರಿಯದ ಸಿಪಾಯಿಗಳು ಇನ್ನೊಂದು ಪಕ್ಷ. ಊರಿನವರಿಗೆ ಫ್ರೆಂಚರು ಮಿತ್ರರು, ಆಸ್ಟ್ರಿಯದವರು ವೈರಿಗಳು. ತನ್ನ ಮನೆಯನ್ನು ಸುಲಿದವನ ಬಾಯಿಗೆ ನೀರು ಬಿಡುವದು ಸುಲಭವೋ? ಆದರೆ ಡ್ಯೂನಾಂಟರು ಸಾಲಿನಲ್ಲಿ ಯಾರನ್ನೂ ದಾಟಿಹೋಗದೆ ಒಬ್ಬೊಬ್ಬರ ಬಳಿಯಲ್ಲಿಯೂ ಬೊಗ್ಗುವದನ್ನು ಹೆಂಗಸರು ಕಂಡರು. ಸ್ವಲ್ಪ ಹೊತ್ತಿನಲ್ಲಿ ಅವರೂ ಹಾಗೆಯೇ ಮಾಡಲಾರಂಭಿಸಿ, ಎಲ್ಲರೂ ಸಹೋದರರೇ ಎಂಬ ಮಾತನ್ನು ತಮ್ಮೊಳಗೆ ಆಡಿಕೊಂಡರು. ಪ್ರಸಂಗದಿಂದಲ್ಲ, ನೋಡಿ ಕಲಿತರು. ಇದಲ್ಲದೆ ಫ್ರೆಂಚರು ಹಿಡಿದಿದ್ದ ಆಸ್ಟ್ರಿಯದ ವೈದ್ಯರು ಸೆರೆಯಲ್ಲಿ ಸುಮ್ಮನೆ ಕೂತಿರುವದು ಬುದ್ಧಿಯಲ್ಲವೆಂದು ಅಧಿಕಾರಿಗಳಿಗೆ ತಿಳಿಸಿ, ಅವರನ್ನು ಬಿಡಿಸುವದಕ್ಕೆ ಡ್ಯೂನಾಂಟರು ಪ್ರಯತ್ನಿಸಿದರು. ಅವರ ಅರಿಕೆ ಸಫಲವಾಯಿತು.

ಜಿನೀವಾಕ್ಕೆ ತಿರಿಗಿ ಬಂದ ಮೇಲೆ ಗಿರಣಿಯ ಲೆಕ್ಕಗಳ ನಡುವೆಯೂ ಆ ದೇವಾಲಯದ ನರಳುವಿಕೆಯು ಅವರ ಕಿವಿಯನ್ನು ಬಿಡಲಿಲ್ಲ. 1862ರಲ್ಲಿ ಸೊಲ್ಫೆರಿನೋವಿನ ನೆನಪನ್ನು ಒಂದು ಪುಸ್ತಕವಾಗಿ ಬರೆದು, ಸ್ವಂತ ಖರ್ಚಿನಿಂದ 1,600 ಪ್ರತಿಗಳನ್ನು ಅಚ್ಚುಹಾಕಿಸಿ ಐರೋಪ್ಯ ಅರಸುಗಳಿಗೂ ಮಂತ್ರಿಗಳಿಗೂ ಕಳುಹಿಸಿದರು. ಆ ಪುಸ್ತಕದಲ್ಲಿ ಎರಡು ಬಿನ್ನಹಗಳು. ಒಂದು, ಯುದ್ಧವು ಬರುವ ಮುಂಚೆಯೇ, ಸಮಾಧಾನದ ಕಾಲದಲ್ಲಿಯೇ, ಪ್ರತಿಯೊಂದು ದೇಶದಲ್ಲಿ ಸ್ವಇಚ್ಛೆಯ ಸೇವಕರ ಸಂಘವನ್ನು ಕಟ್ಟಿ, ಗಾಯಾಳುಗಳ ಶುಶ್ರೂಷೆಯನ್ನು ಅವರಿಗೆ ಕಲಿಸಿಡಬೇಕು. ಎರಡು, ಇಂಥ ಸೇವಕರನ್ನೂ ಗಾಯಾಳುಗಳನ್ನೂ ಯಾವ ಪಕ್ಷದವರೂ ಮುಟ್ಟದಂತೆ ಅರಸುಗಳು ಒಡಂಬಡಿಕೆ ಮಾಡಿಕೊಳ್ಳಬೇಕು. ಎರಡನೆಯದನ್ನು ಲೋಕವು ಹೆಚ್ಚಾಗಿ ಹೊಗಳುತ್ತದೆ. ನಮ್ಮಂಥ ಹಳ್ಳಿಯವರಿಗೆ ಮೊದಲನೆಯದೇ ಬೆಲೆಯುಳ್ಳದ್ದು.

ಜಿನೀವಾದ ವಕೀಲರಾದ ಗುಸ್ತಾವ್ ಮೊಯ್ನಿಯೆ ಎಂಬವರು ಪುಸ್ತಕವನ್ನು ಓದಿ, 1863ನೆಯ ಫೆಬ್ರವರಿಯಲ್ಲಿ ಲೋಕೋಪಕಾರಿ ಸಭೆಯ ಮುಂದೆ ಅದನ್ನು ಇಟ್ಟರು. ಅವರು, ಡ್ಯೂನಾಂಟರು, ವೃದ್ಧ ಸೇನಾಪತಿ ದ್ಯುಫೂರ್, ವೈದ್ಯರಾದ ಅಪ್ಪಿಯಾ ಮತ್ತು ಮೊನುವಾ ಹೀಗೆ ಐವರ ಕಮಿಟಿಯಾಯಿತು. ಅದೇ ಲೋಕಪ್ರಸಿದ್ಧವಾದ ರೆಡ್ ಕ್ರಾಸಿನ ಬೇರು. 1864ನೆಯ ಅಗೋಸ್ತು 22ರಲ್ಲಿ 12 ರಾಜ್ಯಗಳ ಪ್ರತಿನಿಧಿಗಳು ಜಿನೀವಾದ ಒಡಂಬಡಿಕೆಗೆ ರುಜು ಹಾಕಿದರು. ಗಾಯಾಳು ಯಾವ ಜನಾಂಗದವನಾದರೂ ಅವನನ್ನು ಎತ್ತಿ ಶುಶ್ರೂಷಿಸಬೇಕೆಂದು ಅದರಲ್ಲಿ ಬರೆಯಲ್ಪಟ್ಟಿತು. ಬಿಳೀ ಬಟ್ಟೆಯ ಮೇಲೆ ಕೆಂಪು ಶಿಲುಬೆ ಗುರುತಾಯಿತು. 1876ರಲ್ಲಿ ತುರ್ಕಿಯವರು ತಮ್ಮ ಸಿಪಾಯಿಗಳ ಮನಸ್ಸಿಗೆ ಒಪ್ಪುವಂತೆ ಕೆಂಪು ಅರ್ಧಚಂದ್ರವನ್ನು ಹಿಡಿದರು, 2005ರಲ್ಲಿ ಕೆಂಪು ಸ್ಫಟಿಕವೆಂಬ ಮೂರನೆಯ ಗುರುತೂ ಒಪ್ಪಲ್ಪಟ್ಟಿತು. ಭಾರತದ ರೆಡ್ ಕ್ರಾಸ್ ಸಂಸ್ಥೆಯು 1920ನೆಯ ಕಾಯಿದೆಯಿಂದ ಉಂಟಾಯಿತು.

ಯುದ್ಧಭೂಮಿಯ ಈ ವಿದ್ಯೆಯು ಊರುಕೇರಿಗೆ ಬಂದದ್ದು ಇತರರ ಮೂಲಕ. ಇಂಗ್ಲೆಂಡಿನಲ್ಲಿ 1877ರಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಸಂಘದವರು ಪ್ರಥಮ ಚಿಕಿತ್ಸೆಯ ಪಾಠಗಳನ್ನು ತೊಡಗಿದರು. ಅವರನ್ನು ನೋಡಿ ಜರ್ಮನ್ ಶಸ್ತ್ರವೈದ್ಯರಾದ ಎಸ್ಮಾರ್ಕರು 1882ರಲ್ಲಿ ಕೀಲ್ ಪಟ್ಟಣದಲ್ಲಿ ಸಮಾರ್ಯದವನ ಹೆಸರಿನ ಶಾಲೆಯನ್ನು ತೆರೆದು, ಸಾಮಾನ್ಯ ಜನರಿಗೆ ಮೂರು ಮೂಲೆಯ ಬಟ್ಟೆಯಿಂದ ಗಾಯ ಕಟ್ಟುವದನ್ನು ಕಲಿಸಿದರು. ಇನ್ನೂ ಬಹು ಕಾಲದ ಮೇಲೆ, 1967ರಲ್ಲಿ, ಅಮೇರಿಕದ ಪಿಟ್ಸ್‌ಬರ್ಗ್ ಪಟ್ಟಣದಲ್ಲಿ ಡಾಕ್ಟರ್ ಪೀಟರ್ ಸಾಫರ್ ಎಂಬವರು ಕೆಲಸವಿಲ್ಲದ ಕರಿಯ ಯೌವನಸ್ಥರನ್ನು ಆರಿಸಿ, ಉಸಿರಾಟವನ್ನು ಉಳಿಸುವ ವಿದ್ಯೆಯನ್ನು ಅವರಿಗೆ ಕಲಿಸಿ, ಫ್ರೀಡಂ ಹೌಸ್ ಎಂಬ ಗಾಡಿಗಳ ಮೇಲೆ ಕಳುಹಿಸಿದರು. ಅದಕ್ಕೆ ಮುಂಚೆ ಆ ಪಟ್ಟಣದ ರೋಗಿಗಳನ್ನು ಹೆಚ್ಚಾಗಿ ಪೊಲೀಸರ ಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಕರಿಯರ ಕೇರಿಗಳಿಗೆ ಆ ಗಾಡಿಯೂ ಸಮಯಕ್ಕೆ ಬರುತ್ತಿರಲಿಲ್ಲ. ಜನರು ಯಾರನ್ನು ಅಯೋಗ್ಯರೆಂದು ಎಣಿಸಿದ್ದರೋ ಅವರೇ ಆ ದೇಶದಲ್ಲಿ ಈ ಕೆಲಸಕ್ಕೆ ಮಾದರಿಯಾದರು. 1975ರಲ್ಲಿ ಪಟ್ಟಣದ ಅಧಿಕಾರಿಗಳು ಆ ಸೇವೆಯನ್ನು ನಿಲ್ಲಿಸಿದ್ದು ಮಾತ್ರ ನಮಗೆ ನ್ಯಾಯವಾಗಿ ಕಾಣುವದಿಲ್ಲ.

ಈಗ ಕಾಸ್ತಿಲಿಯೋನೆಯನ್ನು ಬಿಟ್ಟು ಸ್ವಲ್ಪ ನಮ್ಮ ಸೀಮೆಯನ್ನು ನೋಡೋಣ. ಬ್ರಹ್ಮಾವರದಿಂದ ಕುಂದಾಪುರವನ್ನು ದಾಟಿ ಬೈಂದೂರಿನ ತನಕ 66ನೆಯ ರಾಷ್ಟ್ರೀಯ ಹೆದ್ದಾರಿಯು ಹೋಗುತ್ತದೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಈ ದಾರಿಯಲ್ಲಿ ಒಂದು ಬಸ್ಸು ಮಗುಚಿದರೆ ಒಳಗೆ ಯಾರಿರಬಹುದು? ಕುಂದಗನ್ನಡ ಮಾತಾಡುವ ಒಕ್ಕಲಿನವನು, ಬ್ರಹ್ಮಾವರದ ತುಳುವಿನವಳು, ಗಂಗೊಳ್ಳಿಯ ಕೊಂಕಣಿ ಖಾರ್ವಿ, ಶಿರೂರಿನ ಮುಸಲ್ಮಾನ ಅಮ್ಮ, ಕೊರಗರ ಮುದುಕ, ಕೊಲ್ಲೂರಿಗೆ ಹೋಗುವ ಮಲೆಯಾಳದ ಯಾತ್ರಿಕರು, ದೋಣಿಯ ಕೂಲಿಗಾಗಿ ಉತ್ತರ ದೇಶದಿಂದ ಬಂದ ಹುಡುಗ. ಸೊಲ್ಫೆರಿನೋವಿನ ಹುಲ್ಲಿನ ಮೇಲೆ ಇದಕ್ಕಿಂತ ಹೆಚ್ಚು ಭಾಷೆಗಳಿದ್ದವೋ ಎಂದು ನಾವು ಸಂಶಯಪಡುತ್ತೇವೆ.

2008ನೆಯ ನವೆಂಬರ್ 1ರಿಂದ ಕರ್ನಾಟಕದಲ್ಲಿ ಆರೋಗ್ಯ ಕವಚವೆಂಬ 108ರ ಆಂಬುಲೆನ್ಸುಗಳು ಓಡುತ್ತಿವೆ. ಪ್ರತಿಯೊಂದರಲ್ಲಿ ಚಾಲಕನಲ್ಲದೆ ತುರ್ತು ಶುಶ್ರೂಷೆಯನ್ನು ಕಲಿತ ಒಬ್ಬನು ಇರಬೇಕು. ಆದರೆ ಆ ಗಾಡಿಯು ಬರುವದಕ್ಕೆ ಮುಂಚೆ ಬಿದ್ದವನ ಬಳಿಗೆ ಬರುವವರು ಆಟೋ ರಿಕ್ಷಾದವರು, ಮೀನು ಮಾರುವ ಹೆಂಗಸರು, ಬಸ್ಸಿನ ಕಂಡಕ್ಟರು, ಶಾಲೆಯ ಮಕ್ಕಳು. ಕೈಕಾಲು ಹಿಡಿದು ಎತ್ತಿ ರಿಕ್ಷಾದೊಳಗೆ ಮಡಚಿ ತುರುಕುವದು ಅವರ ಪ್ರೀತಿಯ ರೀತಿ. ಮುರಿದ ಕುತ್ತಿಗೆಗೆ ಅದೇ ಮರಣದ ರೀತಿ. ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿಹಿಡಿಯಬೇಕು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಬಿಡಬಾರದು. ಹಾವು ಕಚ್ಚಿದವನ ಕಾಲನ್ನು ಹಗ್ಗದಿಂದ ಬಿಗಿಯದೆ, ಕೊಯ್ಯದೆ, ಅಲುಗಾಡಿಸದೆ ಆಸ್ಪತ್ರೆಗೆ ಮುಟ್ಟಿಸಬೇಕು. ಇವು ಅರ್ಧ ದಿನದಲ್ಲಿ ಕಲಿಯತಕ್ಕ ಪಾಠಗಳು. ಸಹಾಯ ಮಾಡಿದವನು ಪೊಲೀಸ್ ಠಾಣೆಗೂ ಕೋರ್ಟಿಗೂ ಅಲೆಯಬೇಕಾದೀತೆಂಬ ಹಳೆಯ ಹೆದರಿಕೆಗೂ ಈಗ ಆಧಾರವಿಲ್ಲ; 2019ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ ಸೇರಿಸಲ್ಪಟ್ಟ 134ಎ ಎಂಬ ವಿಧಿಯು ಅಂಥವನನ್ನು ಕಾಯುತ್ತದೆ. ಗಾಡಿಯನ್ನು ನಡಿಸುವವನಿಗೂ ಪಾಠ ಬೇಕು. 2022ನೆಯ ಜುಲೈ 20ರಂದು ಹೊನ್ನಾವರದ ಕಡೆಯಿಂದ ರೋಗಿಯನ್ನು ತರುತ್ತಿದ್ದ ಆಂಬುಲೆನ್ಸು ಮಳೆಯಲ್ಲಿ ಶಿರೂರಿನ ಟೋಲ್‌ಗೇಟಿನ ಬಳಿ ಜಾರಿ ಮಗುಚಿ ನಾಲ್ವರು ಸತ್ತದ್ದನ್ನು ಬೈಂದೂರಿನವರು ಮರೆತಿಲ್ಲ.

ಇನ್ನು ಮನುಷ್ಯಭೇದದ ಪಾಠವು ಇವುಗಳಿಗಿಂತ ಸೂಕ್ಷ್ಮವಾದದ್ದು. ಎದೆ ಹಿಡಿದುಕೊಂಡವನು ತುಳುವಿನವನಾದರೆ ತಿಗಲೆ ಎನ್ನುತ್ತಾನೆ, ಮಲೆಯಾಳಿಯಾದರೆ ನೆಂಜು ಎನ್ನುತ್ತಾನೆ, ಉತ್ತರದವನಾದರೆ ಛಾತಿ ಎನ್ನುತ್ತಾನೆ. ತುಳುವಿನ ಹೆಂಗಸು ಬಂಜಿಬೇನೆಯೆಂದರೆ ಹೊಟ್ಟೆನೋವು. ಕನ್ನಡ ಮಾತ್ರ ಬಲ್ಲವನು ಅದನ್ನು ಬಂಜೆತನದ ಮಾತೆಂದು ತಿಳಿದಾನು. ಈ ಹತ್ತು ಹದಿನೈದು ಶಬ್ದಗಳನ್ನು ಒಂದು ಚೀಟಿಯಲ್ಲಿ ಬರೆದು ಗಾಡಿಯೊಳಗೆ ಅಂಟಿಸಲಿಕ್ಕೆ ಕಾಸು ಖರ್ಚಾಗದು. ಕಿವಿ ಕೇಳದವನಿಗೆ ಮುಖವೆದುರು ನಿಂತು ಕೈಸನ್ನೆ ಮಾಡಬೇಕು. ಸ್ತ್ರೀಯ ಬಟ್ಟೆಯನ್ನು ಸರಿಸುವ ಮುಂಚೆ ಯಾಕೆಂದು ಹೇಳಿ, ಕೇಳಿ, ಇನ್ನೊಬ್ಬ ಸ್ತ್ರೀಯನ್ನು ಪಕ್ಕದಲ್ಲಿ ನಿಲ್ಲಿಸಿ, ಸುತ್ತಲೂ ಮೊಬೈಲು ಹಿಡಿದು ನೋಡುವವರನ್ನು ದೂರಮಾಡಿ, ಬೇಕಾದಷ್ಟನ್ನೇ ಸರಿಸಿ, ತಿರಿಗಿ ಹೊದಿಸಬೇಕು. ಕಪ್ಪು ಮೈಯವನ ರಕ್ತಹೀನತೆಯು ಕೆನ್ನೆಯಲ್ಲಿ ಕಾಣದು. ಕೆಳರೆಪ್ಪೆಯ ಒಳಭಾಗ, ನಾಲಿಗೆ, ಅಂಗೈ, ಉಗುರು ಇವುಗಳಲ್ಲಿ ನೋಡಬೇಕು. ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿರುವ ಪ್ರಾಣವಾಯುವಿನ ಪ್ರಮಾಣವನ್ನು ತೋರಿಸುವ ಯಂತ್ರವು ಸಹ ಕಪ್ಪು ಮೈಯವರಲ್ಲಿ ಕೆಲವು ಸಾರಿ ಇರುವದಕ್ಕಿಂತ ಒಳ್ಳೇ ಅಂಕೆಯನ್ನು ತೋರಿಸಿ ಮೋಸಮಾಡುತ್ತದೆಂದು 2020ರಲ್ಲಿ ಅಮೇರಿಕದ ವೈದ್ಯರು ಪ್ರಸಿದ್ಧಪಡಿಸಿದರು. ಎಲ್ಲರನ್ನೂ ಸಮವಾಗಿ ನೋಡುವದೆಂದರೆ ಎಲ್ಲರನ್ನೂ ಒಂದೇ ರೀತಿಯಲ್ಲಿ ನೋಡುವದಲ್ಲ. ಡ್ಯೂನಾಂಟರ ಹೆಂಗಸರಿಗೆ ಇದು ತಿಳಿದಿತ್ತು. ಒಬ್ಬನಿಗೆ ನೀರು, ಒಬ್ಬನಿಗೆ ಹೊಗೆಸೊಪ್ಪು, ಒಬ್ಬನಿಗೆ ತಾಯಿಗೆ ಬರೆಸುವ ಪತ್ರ.

ಈ ಕೀರ್ತಿಯ ನಡುವೆಯೇ ಅವರ ಮನೆ ಕುಸಿಯಿತು. ಲೋಕದ ಗಾಯಾಳುಗಳನ್ನು ನೆನಸುತ್ತಾ ಅವರು ಗಿರಣಿಯ ಲೆಕ್ಕವನ್ನು ಮರೆತರು. 1867ರಲ್ಲಿ ದಿವಾಳಿಯಾಗಿ, ಸಾಲವು ಹತ್ತು ಲಕ್ಷ ಫ್ರಾಂಕುಗಳ ಹತ್ತಿರ ಹೋಯಿತು. ಅವರನ್ನು ನಂಬಿದ ಸ್ನೇಹಿತರೂ ಬಂಧುಗಳೂ ಹಣ ಕಳಕೊಂಡರು. 1868ರಲ್ಲಿ ಜಿನೀವಾದ ನ್ಯಾಯಸ್ಥಾನವು ಅವರನ್ನು ಮೋಸದ ದೋಷಿಯೆಂದು ತೀರ್ಮಾನಿಸಿತು. ಭಕ್ತರ ಚರಿತ್ರೆಯನ್ನು ಬರೆಯುವವರು ಇಂಥದನ್ನು ಮುಚ್ಚುವದುಂಟು; ನಾವು ಮುಚ್ಚುವದಿಲ್ಲ. ಕಮಿಟಿಯು ಅವರನ್ನು ಹೊರಹಾಕಿತು. ಅವರು ಜಿನೀವಾವನ್ನು ಬಿಟ್ಟವರು ಮತ್ತೆ ಅದನ್ನು ಕಾಣಲಿಲ್ಲ. ಮೊಯ್ನಿಯೆಯವರು 1864ರಿಂದ ಸಾಯುವ ತನಕ ಅಧ್ಯಕ್ಷರಾಗಿ ಬಹು ಶ್ರಮದಿಂದ ಆ ಸಂಸ್ಥೆಯನ್ನು ಬೆಳೆಸಿದ್ದು ನಿಜವಾದರೂ ಬಿದ್ದವರಿಗೆ ಕೈಕೊಡುವ ಸಂಸ್ಥೆಯ ಯಜಮಾನರು ಬಿದ್ದ ಜೊತೆಗಾರನಿಗೆ ಕೈಕೊಡಲಿಲ್ಲ, ಇತರರು ಕೊಡುವದನ್ನೂ ತಡೆದರು.

ಪಾರಿಸಿನಲ್ಲಿ ಡ್ಯೂನಾಂಟರು ಬೇಡುವವರ ಸ್ಥಿತಿಗೆ ಇಳಿದರು. ಕೋಟಿನ ಸವೆದ ಭಾಗಕ್ಕೆ ಮಸಿ ಹಚ್ಚಿ, ಕಾಲರಿಗೆ ಸೀಮೆಸುಣ್ಣ ತಿಕ್ಕಿ, ರಾತ್ರಿಯಲ್ಲಿ ರೈಲುನಿಲ್ದಾಣಗಳಲ್ಲಿ ಮಲಗಿದರು. ಇಪ್ಪತ್ತು ವರುಷ ಊರೂರು ಅಲೆದು, 1887ರಲ್ಲಿ ಸ್ವಿಟ್ಜರ್ಲೆಂಡಿನ ಹೈಡನ್ ಎಂಬ ಬೆಟ್ಟದೂರಿಗೆ ಬಂದು ಸೇರಿದರು. ಅಲ್ಲಿಯ ವೈದ್ಯರಾದ ಆಲ್ತೆರ್ ಎಂಬವರು ಕರುಣೆಯಿಂದ ನೋಡಿಕೊಂಡರು. 1892ರಿಂದ ಅಲ್ಲಿನ ಆಸ್ಪತ್ರೆಯ ಒಂದು ಕೋಣೆಯೇ ಅವರ ಮನೆಯಾಯಿತು. ಲೋಕವು ಅವರನ್ನು ಸತ್ತವರೆಂದೇ ಎಣಿಸಿತ್ತು. 1895ರಲ್ಲಿ ಬೌಂಬೆರ್ಗರ್ ಎಂಬ ಪತ್ರಿಕಾಕರ್ತರು ಅವರನ್ನು ಕಂಡು ಬರೆದ ಲೇಖನವು ಯೂರೋಪಿನ ಪತ್ರಿಕೆಗಳಲ್ಲೆಲ್ಲಾ ಹಬ್ಬಿತು. 1901ರಲ್ಲಿ ಮೊತ್ತಮೊದಲಿನ ನೊಬೆಲ್ ಶಾಂತಿ ಬಹುಮಾನವನ್ನು ಅವರಿಗೂ ಫ್ರೆಂಚರಾದ ಫ್ರೆದೆರಿಕ್ ಪಾಸಿಯವರಿಗೂ ಹಂಚಿಕೊಟ್ಟರು. ಸಾಲಗಾರರ ಕೈಗೆ ಸಿಕ್ಕದಂತೆ ಆ ಹಣವನ್ನು ಒಬ್ಬ ಸ್ನೇಹಿತರು ನಾರ್ವೆಯ ಬ್ಯಾಂಕಿನಲ್ಲಿಟ್ಟರು. ಡ್ಯೂನಾಂಟರು ಅದನ್ನು ತಮಗಾಗಿ ಖರ್ಚು ಮಾಡದೆ ಅದೇ ಕೋಣೆಯಲ್ಲಿ ಉಳಿದರು. ಮುಪ್ಪಿನಲ್ಲಿ ಮನಸ್ಸು ಕಹಿಯಾಗಿ, ಸಾಲ ಕೇಳಲು ಯಾರೋ ಬರುತ್ತಾರೆಂಬ ಭಯವು ಅವರನ್ನು ಕಾಡಿತು. ಎಲ್ಲಾ ಸಭೆಗಳಿಂದಲೂ ದೂರವಾದರು. ದಾನಿಯೇಲನ ಪುಸ್ತಕವನ್ನೂ ಪ್ರಕಟನೆಯನ್ನೂ ಮುಂದಿಟ್ಟುಕೊಂಡು ದೊಡ್ಡ ದೊಡ್ಡ ನಕ್ಷೆಗಳನ್ನು ಬಣ್ಣಗಳಿಂದ ಬರೆಯುತ್ತಿದ್ದರು.

1910ನೆಯ ಅಗೋಸ್ತಿನಲ್ಲಿ ಮೊಯ್ನಿಯೆಯವರು ತೀರಿಹೋದರು; ಇಬ್ಬರೊಳಗೆ ಸಮಾಧಾನವಾಗಿರಲಿಲ್ಲ. ಅದೇ ವರುಷ ಅಕ್ಟೋಬರ್ 30ರಂದು, 82ನೆಯ ವಯಸ್ಸಿನಲ್ಲಿ, ಡ್ಯೂನಾಂಟರೂ ಹೊರಟುಹೋದರು. ಅವರ ಇಷ್ಟದಂತೆ ಮೆರವಣಿಗೆಯಾಗಲಿ ಆರಾಧನೆಯಾಗಲಿ ಇಲ್ಲದೆ ಝೂರಿಕ್ ಪಟ್ಟಣದ ಸ್ಮಶಾನದಲ್ಲಿ ಅವರನ್ನು ಇಟ್ಟರು. ಮರಣಪತ್ರವನ್ನು ತೆರೆದು ನೋಡಿದಾಗ, ಬಹುಮಾನದ ಹಣದಲ್ಲಿ ಒಂದು ಪಾಲು ನಾರ್ವೆ ಮತ್ತು ಸ್ವಿಟ್ಜರ್ಲೆಂಡಿನ ಧರ್ಮಸಂಸ್ಥೆಗಳಿಗೆ ಬರೆಯಲ್ಪಟ್ಟಿತ್ತು. ಮತ್ತೊಂದು ಪಾಲಿನಿಂದ ಹೈಡನಿನ ಆಸ್ಪತ್ರೆಯಲ್ಲಿ ಆ ಸೀಮೆಯ ಬಡ ರೋಗಿಗೆ ಯಾವಾಗಲೂ ಧರ್ಮಾರ್ಥವಾಗಿ ಸಿಕ್ಕತಕ್ಕ ಒಂದು ಮಂಚವನ್ನು ಇಡಬೇಕೆಂದಿತ್ತು.